ಮಾವ ಹಿಂದೆ ಕೂರೋ ಗಾಡಿ

ಇದು ನಡೆದದ್ದು. ನಡೆದದ್ದು ಅಂದ್ರೆ ನಡೆದದ್ದೇ, ಕೂದಲೆಳೆಯಷ್ಟೂ ಸೇರ್ಸಿಲ್ಲ. ನನ್ನ ಮಾತನ್ನ ಈ ಬೀದಿಯೋರು ಅರ್ಧಕ್ಕರ್ಧ ಕಳೆದು ಕೇಳ್ತಾರೆ, ಅದು ನನಗೂ ಗೊತ್ತು. ಮೊನ್ನೆ ಯಾರೋ ಬಂದು ಟೈಮೆಷ್ಟು ಅಂತ ಕೇಳಿದ್ರು. ಹತ್ತೂವರೆ ಅಂದೆ. ಸೀದಾ ಪಕ್ಕದ ಅಂಗಡಿಗೆ ಹೋಗಿ ಇನ್ನೊಂದ್ಸಲ ಕೇಳ್ಕೊಂಡು ಹೋದ್ರು. ಇರ್ಲಿ. ಇವತ್ತು ಹೇಳೋದ್ರಲ್ಲಿ ಒಂದು ಸುಳ್ಳಿದ್ರೂ ನಾನು ಮುಟ್ಟಿದ ಗಾಜೆಲ್ಲ ಪುಡಿಪುಡಿಯಾಗ್ಲಿ. ಗಾಜಿನ ಅಂಗಡಿಯೋನು ಇದಕ್ಕಿಂತ ದೊಡ್ಡ ಆಣೆ ಹಾಕಕ್ಕಾಗಲ್ಲ. ಅದೂ ಅಲ್ದೆ, ಸುಳ್ಳು ಹೇಳೋನು ತನ್ನ ಮಾನ ಏರೋ ಹಾಗೆ ಹೇಳ್ತಾನೆ, ಇಳಿಯೋ ಹಾಗೆ ಯಾರಾದ್ರೂ ಹೇಳ್ಕೊಳ್ತಾರಾ? ಇದು ನನ್ನ ಮಾನ ಇಳಿದ ಕತೆ.

ನಿಮ್ಮ ಕಿಟಕಿ ಗಾಜು ಒಳಗೆ ಕೊಯ್ತಿದಾರೆ, ಇನ್ನೂ ಅರ್ಧ ಗಂಟೆ ಹಿಡಿಯುತ್ತೆ. ಆ ಸ್ಟೂಲ್ ಎಳ್ಕೊಂಡು ಕೂತ್ಕೊಳಿ. ಗೋಡೆ ಕಡೆ ವಾಲಿ ಕೂತ್ಕೊಳಿ, ಅದಕ್ಕೆ ಮೂರೂವರೆ ಕಾಲು.

ಒಳಗೆ ಕೊಯ್ತಿರೋರು ನಮ್ಮ ಮಾವ, ನನ್ನ ಹೆಂಡತಿಯ ಅಪ್ಪ. ಅಂಗಡಿ ಅವರದ್ದು, ಕೈಗುಣ ಅವರದ್ದು. ನನ್ನದು ಗಾಡಿ, ಮತ್ತೆ ಬಾಯಿ. ಮಾವ ವಜ್ರದ ಕಡ್ಡಿ ಹಿಡಿದು ಗಾಜಿನ ಮೇಲೆ ಒಂದೇ ಒಂದು ಗೆರೆ ಎಳೀತಾರೆ, ಬೆರಳಲ್ಲಿ ಕೆಳಗಿಂದ ಟಕ್ ಅಂತ ತಟ್ತಾರೆ, ಗಾಜು ಹೇಳಿದ ಮಾತು ಕೇಳೋ ಮಗು ಥರ ಎರಡಾಗಿ ಬರುತ್ತೆ. ಮಾತು ಮಾತ್ರ ಬಲು ಕಮ್ಮಿ. ದಿನಕ್ಕೆ ಇಪ್ಪತ್ತು ಮಾತಾಡಿದ್ರೆ ಅದ್ರಲ್ಲಿ ಹದಿನೈದು ಬರೀ ಅಳತೆ.

ಹೊರಗೆ ನಿಂತಿದೆಯಲ್ಲ, ಆ ಪಿಕಪ್ಪು ನನ್ನದು. ಹದಿನೇಳು ವರ್ಷದ್ದು. ಬೆಳಿಗ್ಗೆ ಸ್ಟಾರ್ಟ್ ಮಾಡಿದ್ರೆ ಅದ್ರ ಹೊಗೆ ನೋಡಿ ಮೋಡ ಕವೀತು ಅಂದ್ಕೊಂಡು ಈ ಸಾಲಿನ ಹೆಂಗಸರು ಒಣಗಕ್ಕೆ ಹಾಕಿದ ಬಟ್ಟೆ ಎಲ್ಲ ಒಳಗೆ ತಗೊಂಡು ಹೋಗ್ತಾರೆ. ಎಡಗಡೆ ಬಾಗಿಲು ಹೊರಗಿಂದ ಮಾತ್ರ ತೆಗೆಯುತ್ತೆ. ಹಾಗಾಗಿ ನನ್ನ ಹೆಂಡತಿ ಎಲ್ಲೇ ಇಳೀಬೇಕಾದ್ರೂ ನಾನು ಸುತ್ತು ಹಾಕ್ಕೊಂಡು ಬಂದು ಬಾಗಿಲು ತೆಗೀಬೇಕು. ನೋಡಿದೋರು, ಗಂಡ ಅಂದ್ರೆ ಹೀಗಿರ್ಬೇಕು ಅಂತಾರೆ. ಮುಂದೆ ಇರೋದು ಎರಡೇ ಸೀಟು. ಹಿಂದೆ ತೊಟ್ಟಿ. ತೊಟ್ಟೀಲಿ ಒಂದು ಕಬ್ಬಿಣದ ಸ್ಟ್ಯಾಂಡು, ಗಾಜು ಒರಗಿಸಿ ನಿಲ್ಸಕ್ಕೆ. ಗಾಜನ್ನ ಮಲಗಿಸಿ ತಗೊಂಡು ಹೋಗಬಾರದು ನೋಡಿ. ಮಲಗಿಸಿದ್ರೆ ಮೊದಲ ಗುಂಡೀಲೇ ಒಡೆಯುತ್ತೆ, ನಿಲ್ಸಿದ್ರೆ ಎಷ್ಟು ದೂರ ಬೇಕಾದ್ರೂ ಬರುತ್ತೆ.

ಆ ಸ್ಟ್ಯಾಂಡ್ ಪಕ್ಕ, ಮಡಚಿದ ಗೋಣಿಚೀಲದ ಮೇಲೆ, ಗಾಜಿಗೆ ಅಂಗೈ ಕೊಟ್ಟು ಮಾವ ಕೂರ್ತಿದ್ರು. ಹನ್ನೊಂದು ವರ್ಷ.

ನಾನು ಮದುವೆಯಾಗಿ ಈ ಅಂಗಡಿಗೆ ಸೇರಿದ ಹೊಸದ್ರಲ್ಲಿ, ಒಂದು ವಾರ ಕಳೆದಿತ್ತೋ ಇಲ್ವೋ, ಮಾವ ಒಂದು ಬೆಳಿಗ್ಗೆ ಹೇಳಿದ್ರು, "ಅಳಿಯಂದ್ರೇ, ಗಾಜು ಗೋಡೆ ಸೇರೋ ತನಕ ಕೊಯ್ದವನ ಕೈ ಅದ್ರ ಮೇಲೇ ಇರ್ಬೇಕು. ನಾನಿನ್ನು ಹಿಂದೆ ಕೂರ್ತೀನಿ." ಅಷ್ಟು ಉದ್ದ ಅವರು ಮಾತಾಡಿದ್ದು ಅವತ್ತೇ ಮೊದಲು. ನಾನು ನಂಬಿದೆ. ನಂಬಿದ್ದಷ್ಟೇ ಅಲ್ಲ, ಅದಕ್ಕೆ ಬಾಲ ಕೊಂಬು ಎಲ್ಲ ಅಂಟ್ಸಿ ಊರಿಗೆಲ್ಲ ಹೇಳ್ಕೊಂಡು ತಿರುಗಿದೆ. ಗಾಜು ಕೊಯ್ಯೋರ ಏಳು ತಲೆಮಾರಿನ ಕಟ್ಟಳೆ ಅದು, ಕೈ ತೆಗೆದ್ರೆ ಗಾಜು ತಬ್ಬಲಿಯಾದೆ ಅಂತ ತಾನೇ ಬಿರುಕು ಬಿಡುತ್ತೆ ಅಂದೆ. ಒಂದ್ಸಲ ಮಾವ ಸೀನಕ್ಕೆ ಅಂತ ಕೈ ತೆಗೆದಿದ್ದಕ್ಕೆ ಮೂರು ಬೀದಿ ಆಚೆ ಒಬ್ಬರ ಮೂಗಿನ ಮೇಲಿದ್ದ ಕನ್ನಡಕ ಒಡೀತು ಅಂತಾನೂ ಹೇಳಿದ್ದೀನಿ. ಕೇಳಿದೋರು ತಮ್ಮ ಕನ್ನಡಕ ಮುಟ್ಟಿ ನೋಡ್ಕೊಳ್ಳೋರು.

ಅದೇ ತಿಂಗಳು ಮಾವ ಇನ್ನೊಂದು ಕೆಲಸ ಮಾಡಿದ್ರು. ನನ್ನ ಸೀಟಿನ ಹಿಂದೆ, ತೊಟ್ಟಿ ಕಡೆಗೆ ಒಂದು ಪುಟ್ಟ ಕಿಟಕಿ ಇದೆ. ಅದ್ರ ತೆಳು ಗಾಜು ಕಿತ್ತು ದಪ್ಪದ್ದು ಹಾಕಿದ್ರು. ಹನ್ನೆರಡು ಎಂ.ಎಂ. ಮೇಜಿನ ಮೇಲೆ ಹಾಕೋವಂಥದ್ದು. ಸುತ್ತ ಗಾಳಿ ಆಡದ ಹಾಗೆ ರಬ್ಬರು ಬೇರೆ. ಅಳಿಯನ ತಲೆ ಕಾಪಾಡಕ್ಕೆ ಎಂಥಾ ಪ್ರೀತಿ ನೋಡಿ ಅಂತ ಅದನ್ನೂ ಹೇಳ್ಕೊಂಡೆ.

ಮೂರು ವರ್ಷದಿಂದ ನನ್ನ ಹೆಂಡತಿನೂ ಜೊತೆಗೆ ಬರ್ತಾಳೆ. ಏಣಿ ಹತ್ತಿ ಟೇಪು ಹಿಡಿಯೋಕೆ ಮಾವನ ಮಂಡಿ ಒಪ್ಪಲ್ಲ, ಹಾಗಾಗಿ ಅಳತೆ ಎಲ್ಲ ಇವಳದ್ದು. ಅವಳು ನನ್ನ ಪಕ್ಕದ ಸೀಟಲ್ಲಿ, ಮಾವ ಹಿಂದೆ. ಏಣಿ ಹತ್ತದ ಮಂಡಿ ತೊಟ್ಟಿ ಹತ್ತುತ್ತಾ? ನಾನು ಹೆಗಲು ಕೊಡ್ತಿದ್ದೆ, ಅವರು ಒಂದು ಕೈ ನನ್ನ ಹೆಗಲ ಮೇಲೆ, ಒಂದು ಕೈ ಮಂಡಿ ಮೇಲೆ ಇಟ್ಟು, ಉಸಿರು ಬಿಗಿಹಿಡಿದು ಹತ್ತೋರು. ಎದುರಿನ ಪಂಕ್ಚರ್ ಅಂಗಡಿಯೋನು ದಿನಾ ನೋಡ್ತಿದ್ದ. ಒಂದಿನ ಕೂಗಿ ಹೇಳ್ದ, "ಅಲ್ಲಯ್ಯಾ, ಮಗಳು ಕೊಟ್ಟ ಮಾವನ್ನ ಸಾಮಾನಿನ ಜೊತೆ ತುಂಬ್ಕೊಂಡು ಹೋಗ್ತೀಯಲ್ಲ, ಒಡೆಯೋ ವಸ್ತು ಅಂತ ಚೀಟಿನಾದ್ರೂ ಅಂಟ್ಸಿದೀಯ?" ಸುತ್ತ ನಿಂತೋರು ನಕ್ಕರು. ನಾನೂ ನಕ್ಕೆ. ನಗು ಬಾಯಲ್ಲಿತ್ತು, ಹೊಟ್ಟೇಲಿ ಏನೋ ಚುಚ್ತು.

ಆ ಚುಚ್ಚಿದ ಜಾಗಕ್ಕೇ ಬಂತು ಹಲ್ಲಿನ ಡಾಕ್ಟ್ರಮ್ಮನ ಕನ್ನಡಿ.

ಊರಾಚೆ ಹೊಸದಾಗಿ ಮನೆ ಕಟ್ಟಿಸಿದ್ರು ಆಯಮ್ಮ. ಮೆಟ್ಟಿಲು ತಿರುಗೋ ಜಾಗದ ಗೋಡೆಗೆ ಆರಡಿ ಕನ್ನಡಿ ಬೇಕು ಅಂದಿದ್ರು. ಮಧ್ಯಾಹ್ನ ಹೋದ್ವಿ. ಬಿಸಿಲು ಅಂದ್ರೆ ಬಿಸಿಲು, ತಾರು ಕರಗಿ ಟೈರಿಗೆ ಅಂಟ್ಕೊಂಡು ರಸ್ತೇನೇ ನಮ್ಮ ಹಿಂದೆ ಸ್ವಲ್ಪ ದೂರ ಬಂತು. ಗೇಟ್ ಹತ್ರ ಎಂಜಿನ್ ಆರಿಸಿ, ಇಳಿದು ಹೆಂಡತಿಗೆ ಬಾಗಿಲು ತೆಗೆದೆ. ಅವಳು ಟೇಪು ಹಿಡ್ಕೊಂಡು ಒಳಗೆ ಹೋದ್ಳು. ಡಾಕ್ಟ್ರಮ್ಮ ನೆರಳಲ್ಲಿ ನಿಂತು ಗಾಡಿ ಕಡೆ ನೋಡಿದ್ರು. ಮಾವ ತಲೆಗೆ ಟವೆಲ್ ಹಾಕ್ಕೊಂಡು, ಕನ್ನಡಿಗೆ ಕೈ ಕೊಟ್ಟು ಕೂತಿದ್ರು. ಬೆವರು ಗಲ್ಲದಿಂದ ತೊಟ್ಟಿಕ್ತಿತ್ತು.

"ಹಿಂದೆ ಬಿಸಿಲಲ್ಲಿ ಕೂತಿದಾರಲ್ಲ, ಆ ಹಿರಿಯರು ಯಾರು?" ಅಂದ್ರು.

ಕೇಳೋದ್ರಲ್ಲಿ ತಪ್ಪೇನಿಲ್ಲ. ಹೇಳೋದ್ರಲ್ಲೂ ತಪ್ಪೇನಿರ್ಲಿಲ್ಲ, ನಮ್ಮ ಮಾವ ಅಂದಿದ್ರೆ ಮುಗೀತಿತ್ತು. ಆದ್ರೆ ಮಾವ ಅಂದ್ರೆ ಆಯಮ್ಮ ಏನಂದ್ಕೊಳ್ತಾರೆ? ವಯಸ್ಸಾದೋರನ್ನ ಬಿಸಿಲಿಗೆ ಹಾಕಿ ತಾನು ಸೀಟಲ್ಲಿ ಕೂತು ಬಂದಿದಾನೆ ಅಂತ ತಾನೆ? ಅಷ್ಟು ಯೋಚನೆ ಮುಗಿಯೋದ್ರೊಳಗೆ ಬಾಯಿ ನನ್ನ ಬಿಟ್ಟು ಓಡೋಗಿತ್ತು.

"ಕೆಲಸದೋರು ಅಮ್ಮಾ. ದಿನಗೂಲಿಗೆ ಬರ್ತಾರೆ."

ಮಾವ ಮೂರು ಮಾರು ದೂರದಲ್ಲಿದ್ರು. ಎಂಜಿನ್ ಆರಿತ್ತು. ನಡುವೆ ದಪ್ಪ ಗಾಜೂ ಇರ್ಲಿಲ್ಲ.

ನನ್ನ ಸುಳ್ಳೆಲ್ಲ ಅಲ್ಲಿ ತನಕ ಆನೆಗೆ ರೆಕ್ಕೆ ಕಟ್ಟೋ ಸುಳ್ಳು, ಯಾರಿಗೂ ತಾಗಲ್ಲ ಅಂತಿದ್ದೆ. ಇದು ತಾಗ್ತು. ಮಾವ ನನ್ನ ಕಡೆ ನೋಡ್ಲಿಲ್ಲ. ಟವೆಲ್ ತೆಗೆದು ಮುಖ ಒರೆಸ್ಕೊಂಡ್ರು, ತೊಟ್ಟಿ ಅಂಚು ಹಿಡಿದು ಒಂದೊಂದೇ ಕಾಲು ಇಳಿಸಿದ್ರು. ನಾನು ಹೆಗಲು ಕೊಡ್ಬೇಕಿತ್ತು. ಕೊಡ್ಲಿಲ್ಲ. ದಿನಗೂಲಿಯೋರಿಗೆ ಯಾವ ಯಜಮಾನ ಹೆಗಲು ಕೊಡ್ತಾನೆ? ಒಂದು ಸುಳ್ಳು ಹೇಳಿದ ಮೇಲೆ ಅದಕ್ಕೆ ಮೈಯೂ ಸುಳ್ಳು ಹೇಳ್ಬೇಕಾಗುತ್ತೆ ನೋಡಿ. ಇಳಿದು ನಿಂತು ಮಾವ ಕೇಳಿದ್ರು:

"ಯಜಮಾನ್ರೇ, ಯಾವ ಕಡೆಯಿಂದ ಎತ್ತೋಣ?"

ಅದ್ರಲ್ಲಿ ವ್ಯಂಗ್ಯ ಇದ್ದಿದ್ರೆ ನಾನು ಬದುಕ್ಕೊಳ್ತಿದ್ದೆ. ಕೋಪ ಇದ್ದಿದ್ರೂ ಆಗ್ತಿತ್ತು. ಏನೂ ಇರ್ಲಿಲ್ಲ. ಅಳಿಯ ಒಂದು ಮಾತು ಹೇಳಿದಾನೆ, ಅದು ಬೀಳದ ಹಾಗೆ ನೋಡ್ಕೋಬೇಕು, ಅಷ್ಟೇ. ಗಾಜು ಹಿಡಿಯೋ ಹಾಗೇ ನನ್ನ ಸುಳ್ಳನ್ನೂ ಹಿಡ್ಕೊಂಡ್ರು.

ಕನ್ನಡಿ ಒಳಗೆ ತಂದಿಟ್ಟ ಮೇಲೆ ಟೀ ಬಂತು. ನನಗೆ ಕುರ್ಚಿ, ತಟ್ಟೆ ಸಮೇತ ಕಪ್ಪು. ಮಾವ ಹೋಗಿ ಬಾಗಿಲಾಚೆ ಮೆಟ್ಟಿಲ ಮೇಲೆ ಕೂತಿದ್ರು, ಅವರಿಗೆ ಅಲ್ಲಿಗೇ ಲೋಟದಲ್ಲಿ ಹೋಯ್ತು. ಆ ಟೀ ಬಿಸಿ ಇತ್ತೋ ತಣ್ಣಗಿತ್ತೋ ನನಗೆ ಗೊತ್ತಿಲ್ಲ. ಅಷ್ಟರಲ್ಲಿ ಮೇಲಿಂದ ನನ್ನ ಹೆಂಡತಿ ಬಗ್ಗಿ ಕೂಗಿದ್ಳು, "ಅಪ್ಪಾ, ಕೆಳಗಡೆ ಎಷ್ಟು ಸಂದು ಬಿಡ್ಬೇಕು?"

"ಅರ್ಧ ಇಂಚು," ಅಂದ್ರು ಮಾವ ಮೆಟ್ಟಿಲ ಮೇಲಿಂದ.

ಡಾಕ್ಟ್ರಮ್ಮ ಅವಳನ್ನ ನೋಡಿದ್ರು. ಮಾವನ್ನ ನೋಡಿದ್ರು. "ಅವರು ನಿಮ್ಮ ತಂದೆನಾ?" ಅಂದ್ರು ಮೇಲಕ್ಕೆ.

"ಹೌದು, ಯಾಕೆ?"

"ಏನಿಲ್ಲ."

ಆಮೇಲೆ ನನ್ನ ನೋಡಿದ್ರು. ಹಲ್ಲಿನ ಡಾಕ್ಟ್ರು ಅಲ್ವಾ, ಮೇಲೆ ಬೆಳ್ಳಗಿದ್ದು ಒಳಗೆ ಹುಳ ಹಿಡಿದ ಹಲ್ಲು ಸಿಕ್ಕಿದಾಗ ಹೇಗೆ ನೋಡ್ತಾರೋ ಹಾಗೆ.  ಒಳಗೆ ಹೋಗಿ ತಾವೇ ಒಂದು ಕುರ್ಚಿ ಎತ್ಕೊಂಡು ಬಂದು ಮಾವನ ಪಕ್ಕ ಇಟ್ರು.

"ಬೇಡ ತಾಯಿ," ಅಂದ್ರು ಮಾವ. "ಕುರ್ಚೀಲಿ ಕೂತ್ರೆ ಮಂಡಿ ಏಳಕ್ಕೆ ಬಿಡಲ್ಲ. ನಾನೇ ಇಲ್ಲಿ ಕೂತೆ." ಅಲ್ಲೂ ನನ್ನನ್ನೇ ಉಳಿಸಿದ್ರು.

ಆಮೇಲೆ ಕನ್ನಡಿ ಕೂರಿಸೋದು. ಮಾವ ಹಿಂದೆ ಗಮ್ ಹಚ್ಚಿ, ಮೂಲೆಗೆ ಕ್ಲಿಪ್ ಹಾಕೋ ತನಕ ಯಾರಾದ್ರೂ ಎರಡು ಕೈಯಲ್ಲಿ ಒತ್ತಿ ಹಿಡ್ಕೋಬೇಕು. ಆ ಕೆಲಸ ನನ್ನದು. ಮುಖಕ್ಕೂ ಕನ್ನಡಿಗೂ ಒಂದು ಗೇಣು. ಮುಕ್ಕಾಲು ಗಂಟೆ ನನ್ನ ಮುಖ ನಾನೇ ಹಿಡ್ಕೊಂಡು ನಿಂತಿದ್ದೆ. ಕಣ್ಣು ಮುಚ್ಚಿದೆ, ಆಗ ಹೆಂಡತಿ, "ರೀ, ಕಣ್ಣು ಬಿಡಿ, ಓರೆ ಆಗ್ತಿದೆ," ಅಂದ್ಳು.

  ಸಂಜೆ ಅವಳು ಬಟ್ಟೆ ಮಡಚ್ತಾ, ತಲೆ ಎತ್ತದೆ ಕೇಳಿದ್ಳು, "ಅಪ್ಪನ್ನ ಕೆಲಸದೋರು ಅಂದ್ರಂತೆ?"

"ಮಾವ ಹೇಳಿದ್ರಾ?"

"ಅಪ್ಪ ಯಾಕೆ ಹೇಳ್ತಾರೆ? ಡಾಕ್ಟ್ರಮ್ಮ ಹೇಳಿದ್ರು."

ನಾನು ಹೇಳ್ದೆ, ತಪ್ಪಾಯ್ತು ಕಣೇ, ಆದ್ರೆ ಎಲ್ಲ ಈ ಹಾಳು ಗಾಡಿಯಿಂದ. ಎರಡೇ ಸೀಟು. ಇದನ್ನ ಕೊಟ್ಟು, ಹಿಂದೆ ಇನ್ನೊಂದು ಸಾಲು ಸೀಟಿರೋ ದೊಡ್ಡ ಪಿಕಪ್ಪು ತಗೊಂಡ್ಬಿಡೋಣ. ಅವರು ನೆರಳಲ್ಲಿ, ಮೆತ್ತಗೆ ಒಳಗೆ ಕೂರ್ಲಿ. ಯಾರೂ ಏನೂ ಕೇಳೋ ಹಾಗೇ ಇರಲ್ಲ.

ಅವಳು ಒಂದು ಅಂಗಿ ಮಡಚಿ, ಅದನ್ನೇ ಬಿಚ್ಚಿ, ಇನ್ನೊಂದ್ಸಲ ಮಡಚಿದ್ಳು. "ಗಾಡಿನಾ ಅಂದಿದ್ದು, ಕೆಲಸದೋರು ಅಂತ?" ಅಂದ್ಳು.

ಆ ಮಾತು ಕಿವಿಗೆ ಬಿತ್ತು, ಒಳಗೆ ಇಳೀಲಿಲ್ಲ. ಗಾಡಿ ದೊಡ್ಡದಾದ್ರೆ ನಾಚಿಕೆ ಚಿಕ್ಕದಾಗುತ್ತೆ ಅಂತ ನನ್ನ ಲೆಕ್ಕ. ಮಾವನಿಗೂ ಹೇಳ್ದೆ. ಅವರು ಕೊಯ್ತಿದ್ದ ಗಾಜಿನ ಅಂಚನ್ನ ಕಲ್ಲಲ್ಲಿ ಉಜ್ತಾ, "ನನಗೆ ಕೂರೋ ಜಾಗ ಇದೆಯಲ್ಲ," ಅಂದ್ರು. ದೊಡ್ಡೋರು, ಸಂಕೋಚ ಅಂದ್ಕೊಂಡೆ. ಪಂಕ್ಚರ್ ಅಂಗಡಿಗೆ ಹೋಗಿ ಬೇಕೂಂತಲೇ ಗಟ್ಟಿಯಾಗಿ ಹೇಳ್ದೆ, ಮಾವನಿಗೋಸ್ಕರ ಗಾಡಿ ಬದಲಾಯಿಸ್ತಿದೀನಿ, ಅವರ ಸೀಟಿಗೆ ಮೊಲದ ತುಪ್ಪಳ ಹೊದಿಸ್ತಾರಂತೆ ಅಂತ. ಅವನು ಟ್ಯೂಬ್ ನೀರಲ್ಲಿ ಅದ್ದಿ ಗುಳ್ಳೆ ಎಲ್ಲಿ ಬರುತ್ತೆ ಅಂತ ನೋಡ್ತಿದ್ದ. ನನ್ನ ಕಡೆ ನೋಡಿ, "ಇಲ್ಲೂ ಗಾಳಿ ಜೋರಾಗೇ ಬರ್ತಿದೆ," ಅಂದ.

ರಜೆ ದಿನ ನೋಡಿ ಮೂರೂ ಜನ ಶೋರೂಮಿಗೆ ಹೋದ್ವಿ. ಅಲ್ಲೊಬ್ಬ ಮಾರೋನಿದ್ದ, ಬೆಲ್ಲದ ಬಾಯಿ ಅಂತ ಅವನಿಗೆ ನಾನಿಟ್ಟ ಹೆಸರು. ನಮ್ಮ ಹಳೇ ಗಾಡಿ ಸುತ್ತ ಬಂದ, ಬಾನೆಟ್ ಎತ್ತಿ ನೋಡ್ದ, ಟೈರಿಗೊಂದು ಒದೆ ಕೊಟ್ಟ. ಕೊನೆಗೆ ಸೀಟಿನ ಹಿಂದಿನ ಕಿಟಕಿ ತಟ್ಟಿ, "ಇದ್ಯಾಕೆ ಸಾರ್ ಇಷ್ಟು ದಪ್ಪ? ತಟ್ಟಿದ್ರೆ ಸದ್ದೇ ಬರಲ್ವಲ್ಲ," ಅಂದ.

"ನಮ್ಮ ಮಾವನ ಪ್ರೀತಿ," ಅಂದೆ ನಾನು.

ಮಾವ ಕೆಮ್ಮಿದ್ರು.

ಹೊಸ ಗಾಡಿ ನೋಡಿ ನನಗೆ ಬಾಯಲ್ಲಿ ನೀರು ಬಂತು. ಬಿಳೀದು, ನಾಲ್ಕು ಬಾಗಿಲು, ನಾಲ್ಕೂ ಒಳಗಿಂದಾನೂ ತೆಗೆಯುತ್ತೆ. ಹಿಂದಿನ ಸೀಟು ಎಷ್ಟು ಅಗಲ ಅಂದ್ರೆ ಈ ತುದೀಲಿ ಕೂತೋನು ಆ ತುದೀಲಿ ಕೂತೋನಿಗೆ ಕಾಗದ ಬರೀಬೇಕು. ಓಡಿಸಿ ನೋಡಿ ಸಾರ್ ಅಂದ ಬೆಲ್ಲದ ಬಾಯಿ. ನಾನು ಸ್ಟೇರಿಂಗ್ ಹಿಡಿದೆ, ಅವನು ನನ್ನ ಪಕ್ಕ. ಹಿಂದಿನ ಸೀಟಲ್ಲಿ ಹೆಂಡತಿ, ಮಾವ. ಮಾವನಿಗೆ ಬಾಗಿಲು ನಾನೇ ತೆಗೆದೆ. ಮೆಲ್ಲಗೆ ಕೂತ್ರು. ಕೂತ ರೀತಿ ನೋಡಿ ನನ್ನ ಎದೆ ಹಗುರಾಯ್ತು, ಡಾಕ್ಟ್ರಮ್ಮನ ಮನೆ ಮುಂದೇನೇ ಒಂದು ರೌಂಡ್ ಹೋಗಿ ಬರೋಣ ಅನ್ನಿಸ್ತು.

ಗಾಡಿ ಹೊರಡ್ತು. ಬೆಲ್ಲದ ಬಾಯಿ ಕೇಳ್ದ, "ಗಾಜಿನ ಕೆಲಸನಾ ಸಾರ್? ಕಷ್ಟ ಅಲ್ವಾ?"

ಹಸಿದೋನ ಮುಂದೆ ಎಲೆ ಹಾಕಿದ ಹಾಗೆ. ನಾನು ಕನ್ನಡಿ ಕತೆ ಶುರು ಮಾಡ್ದೆ. ಹನ್ನೊಂದು ವರ್ಷದಿಂದ ನಾನು ಹೇಳ್ತಿರೋ ಕತೆ ಅದು, ಇಡೀ ಊರಿಗೆ ಗೊತ್ತು. ಒಂದು ಕ್ಷೌರದ ಅಂಗಡಿಗೆ ಏಳಡಿ ಕನ್ನಡಿ. ಸೇತುವೆ ರಿಪೇರಿ, ಗಾಡಿ ಬಿಡಲ್ಲ. ನಾನೊಬ್ಬನೇ ಬೆನ್ನ ಮೇಲೆ ಹೊತ್ಕೊಂಡು ನಾಲ್ಕು ಮೈಲಿ ನಡೆದೆ. ಗಾಳಿ ಬೀಸಿ ಕನ್ನಡಿ ಸಮೇತ ನನ್ನನ್ನ ಎತ್ತಿ ಸೇತುವೆ ಆ ಕಡೆ ಇಳಿಸ್ತು. ದಾರೀಲಿ ಒಂದು ಹೋರಿ ಅಡ್ಡ ಬಂತು, ಕನ್ನಡೀಲಿ ತನ್ನ ಮುಖ ನೋಡ್ತು, ಯಾವನೋ ಇವನು ನನಗಿಂತ ಚೆನ್ನಾಗಿದಾನೆ ಅಂತ ನಾಚ್ಕೊಂಡು ತಲೆ ಬಗ್ಗಿಸಿ ನನ್ನ ಹಿಂದೆ ಕರು ಥರ ಬಂತು. ಬೆಲ್ಲದ ಬಾಯಿ ತೊಡೆ ತಟ್ಕೊಂಡು ನಕ್ಕ.

ನಿಜ ಏನಂದ್ರೆ ಆ ಕನ್ನಡಿ ಹೊತ್ತಿದ್ದು ನಾನಲ್ಲ, ಮಾವ. ನಾನಾಗ ಚಡ್ಡಿ ಹಾಕ್ಕೊಂಡು ಗೋಲಿ ಆಡ್ತಿದ್ದೆ. ಮದುವೆಯಾದ ಹೊಸದ್ರಲ್ಲಿ ಹೆಂಡತಿ ಒಂದಿನ ನನಗೆ ಈ ವಿಷಯ ಹೇಳೋಕೆ ಶುರು ಮಾಡಿದ್ಳು. ಅರ್ಧ ಕೇಳೋದ್ರೊಳಗೆ ನನ್ನ ತಲೇಲಿ ಹೋರಿ ಬಂದುಬಿಡ್ತು, ಉಳಿದದ್ದು ಕೇಳ್ಲೇ ಇಲ್ಲ. ಒಳ್ಳೆ ಕತೆ ಸುಮ್ನೆ ಮನೇಲಿ ಬಿದ್ದಿದೆ, ಹೇಳೋನಿಲ್ಲದೆ ಹಾಳಾಗುತ್ತೆ ಅಂತ ನಾನೇ ಹಾಕ್ಕೊಂಡೆ, ಮಾವನ ಹಳೇ ಕೋಟು ಹಾಕ್ಕೊಂಡ ಹಾಗೆ.

ಕತೆ ಮುಗಿಸಿ ತಲೆ ಮೇಲಿನ ಕನ್ನಡೀಲಿ ಹಿಂದಕ್ಕೆ ನೋಡ್ದೆ. ಮಾವ ಕಿಟಕಿ ಕಡೆ ತಿರುಗಿದ್ರು. ಅಂಗೈ ಕಿಟಕಿ ಗಾಜಿನ ಮೇಲಿತ್ತು.

"ಸ್ವಲ್ಪ ನಿಲ್ಸಿ ಅಳಿಯಂದ್ರೇ," ಅಂದ್ರು.

ವಾಂತಿ ಬಂತೋ ಏನೋ ಅಂತ ಪಕ್ಕಕ್ಕೆ ಹಾಕ್ದೆ. ಮಾವ ಇಳಿದ್ರು, ಹಿಂದಕ್ಕೆ ನಡೆದ್ರು. ಹೊಸ ಗಾಡಿ ತೊಟ್ಟಿ ಎತ್ತರ. ಒಂದ್ಸಲ ಕಾಲು ಎತ್ತಿದ್ರು, ಆಗ್ಲಿಲ್ಲ. ಎರಡನೇ ಸಲ ಹೇಗೋ ಹತ್ತಿ, ಖಾಲಿ ತೊಟ್ಟೀಲಿ, ಗೋಣಿಚೀಲಾನೂ ಇಲ್ಲದೆ ಬರೀ ತಗಡಿನ ಮೇಲೆ ಕೂತ್ರು.

ಬೆಲ್ಲದ ಬಾಯಿ ಕಿಟಕಿಯಿಂದ ತಲೆ ಹಾಕಿ, "ಸಾರ್, ಟ್ರಯಲ್ ಗಾಡೀಲಿ ಹಿಂದೆ ಕೂರಂಗಿಲ್ಲ," ಅಂದ.

ನಾನು ಇಳಿದು ಹೋದೆ. "ಮಾವ, ಹಿಂದೆ ಗಾಜೇ ಇಲ್ವಲ್ಲ."

"ಗೊತ್ತು," ಅಂದ್ರು.

 ಅಷ್ಟೊತ್ತಿಗೆ ಹೆಂಡತಿ ಇಳಿದು ಬಂದಿದ್ಳು. "ರೀ, ನಾನು ನಿಮ್ಮ ಜೊತೆ ಬರೋಕೆ ಶುರು ಮಾಡಿ ಮೂರು ವರ್ಷ," ಅಂದ್ಳು. "ಅದಕ್ಕೆ ಮುಂಚೆ ಎಂಟು ವರ್ಷ ನಿಮ್ಮ ಪಕ್ಕದ ಸೀಟಲ್ಲಿ ಯಾರು ಕೂರ್ತಿದ್ರು?"

ಯೋಚನೆ ಮಾಡ್ದೆ. "ನನ್ನ ಟವೆಲ್ಲು. ಊಟದ ಡಬ್ಬಿ."

"ಸೀಟು ಖಾಲಿ ಇದ್ದಾಗ್ಲೂ ಅಪ್ಪ ಹಿಂದೇನೇ ಕೂತ್ರಲ್ಲ, ಯಾಕೆ ಅಂತ ಒಂದಿನ ಕೇಳಿದ್ರಾ?"

"ಕೊಯ್ದವನ ಕೈ ಗಾಜಿನ ಮೇಲೆ..."

"ಹಾಗೆ ಯಾವ ಕಟ್ಟಳೇನೂ ಇಲ್ಲ. ಅಪ್ಪನಿಗೆ ಕೆಲಸ ಕಲಿಸಿದ ತಾತ ಗಾಜು ಕಟ್ಟಿ ಕಳಿಸಿ ಮನೇಲಿ ಗೊರಕೆ ಹೊಡೀತಿದ್ರು."

ನಾನು ಸುಳ್ಳಿನ ಅಂಗಡಿ ಇಟ್ಟೋನು. ಯಾರ ಬಾಯಿಂದ ಎಂಥಾ ಸುಳ್ಳು ಬಂದ್ರೂ ಮೂಸಿ ಹೇಳ್ತೀನಿ. ಆ ಮನುಷ್ಯ ಜೀವಮಾನದಲ್ಲಿ ಒಂದೇ ಒಂದು ಸುಳ್ಳು ಹೇಳಿದ್ರು, ಅದನ್ನೂ ನನಗೋಸ್ಕರ ಹೇಳಿದ್ರು, ಅದನ್ನ ನಾನು ಹನ್ನೊಂದು ವರ್ಷ ನಿಜ ಅಂತ ಸಾರ್ಕೊಂಡು ಬಂದಿದ್ದೆ.

ಮಾವ ತೊಟ್ಟಿ ಅಂಚಿನ ಮೇಲೆ ಕೈಯಿಟ್ಟು ನಿಧಾನಕ್ಕೆ ಹೇಳಿದ್ರು, ಅಳತೆ ಹೇಳೋ ಹಾಗೆ. "ಮೊದಲ ವಾರ ಮುಂದೇನೇ ಕೂತಿದ್ದೆ. ನಮ್ಮ ಮಧ್ಯೆ ತೂರ್ಕೊಂಡು ಕೂತಿದ್ದ ಹೋಟ್ಲಿನೋರೊಬ್ಬರಿಗೆ ನೀವು ಕನ್ನಡಿ ವಿಷಯ ಹೇಳಿದ್ರಿ, ಅವರು ನನ್ನ ಕಡೆ ತಿರುಗಿ ಹೌದಾ ಅಂದ್ರು. ಹೌದು ಅಂದ್ರೆ ನಾನು ಸುಳ್ಳು ಹೇಳ್ದಾಗುತ್ತೆ. ಅಲ್ಲ ಅಂದ್ರೆ ಮಗಳ ಗಂಡನ ಮಾನ ಹೋಗುತ್ತೆ. ಹಿಂದೆ ಕೂತ್ರೆ ಎರಡೂ ಇಲ್ಲ. ಕೇಳದ ಹಾಗೆ ಗಾಜು ಹಾಕ್ಕೊಂಡೆ."

"ಮಾವ, ನಿಮ್ಮ ಕತೆ ನಾನು..."

"ನನ್ನ ತೆಗೆದು ನೀವು ನಿಂತ್ಕೊಂಡ್ರಿ, ಅದಕ್ಕೇನಿಲ್ಲ. ಕೆಲಸದೋರು ಅಂದ್ರಿ, ಅದಕ್ಕೂ ಏನಿಲ್ಲ, ನಾನು ಕೆಲಸದೋನೇ." ಇಷ್ಟು ಹೇಳಿ ಅಂಗೈಯಿಂದ ತೊಟ್ಟಿ ಅಂಚು ಒಂದ್ಸಲ ಒರೆಸಿದ್ರು. "ಏಳಡಿ ಕನ್ನಡಿ ಒಬ್ಬನ ಕೈಲಿ ಆಗಲ್ಲ. ಅದಕ್ಕೆ ಎರಡು ತುದಿ. ಇನ್ನೊಂದು ತುದಿ ನಿಮ್ಮತ್ತೆ ಹಿಡಿದಿದ್ಳು. ಗಾಳಿ ಬಂದಾಗೆಲ್ಲ ಅವಳೇ ಗಾಳಿಗೆ ಬೆನ್ನು ಕೊಟ್ಟು ನಿಂತ್ಕೊಂಡ್ಳು, ಕನ್ನಡಿ ವಾಲ್ದೇ ಇರ್ಲಿ ಅಂತ. ನಾಲ್ಕು ಮೈಲಿ. ನೀವು ಹೇಳೋದ್ರಲ್ಲಿ ಗಾಳಿ ಇದೆ, ಹೋರಿ ಇದೆ, ನೀವಿದೀರಿ. ಅವಳಿಲ್ಲ."

ನಮ್ಮತ್ತೇನ ನಾನು ನೋಡೇ ಇಲ್ಲ. ನಾನು ಬರೋದಕ್ಕೆ ಎರಡು ವರ್ಷ ಮುಂಚೆ ಹೋಗಿದ್ರು. ನೋಡದ ಹೆಂಗಸನ್ನ ನಾನು ಊರೂರಲ್ಲಿ ಅಳಿಸ್ತಾ ಬಂದಿದ್ದೆ, ಅದೂ ಅವರ ಗಂಡನ ಬೆನ್ನ ಹಿಂದೆ ಅಲ್ಲ, ಅವರನ್ನ ನನ್ನ ಬೆನ್ನ ಹಿಂದೆ ಕೂರಿಸ್ಕೊಂಡು. ಹೆಂಡತಿ ರಸ್ತೆ ಕಡೆ ತಿರುಗಿ ನಿಂತಿದ್ಳು. ಕಣ್ಣು ಒರೆಸ್ಕೊಂಡ್ಳೋ ಇಲ್ವೋ ನೋಡೋಕೆ ನನಗೆ ಮುಖ ಇರ್ಲಿಲ್ಲ. ನೆಲ ಬಾಯ್ಬಿಟ್ಟು ನುಂಗ್ಲಿ ಅಂತಾರಲ್ಲ, ನಾನು ನಿಜವಾಗ್ಲೂ ಕೆಳಗೆ ನೋಡ್ದೆ. ಬರೀ ಜಲ್ಲಿ ಇತ್ತು.

"ಕಾಲು ಹಿಡ್ಕೊಳ್ತೀನಿ ಮಾವ," ಅಂದೆ.

"ಬೇಡ, ಮಂಡಿ ನೋಯುತ್ತೆ," ಅಂದ್ರು.

ವಾಪಸ್ ಶೋರೂಮಿಗೆ ಬಂದ್ವಿ. ಬೆಲ್ಲದ ಬಾಯಿ ಕಾಗದ ಹರಡಿದ. ನನಗೆ ಕೈ ಬರ್ಲಿಲ್ಲ. "ಯೋಚನೆ ಏನು ಸಾರ್? ಇನ್ನೂ ಮೂರು ಜನ ಕೂರ್ಸ್ಕೊಂಡು ಹೋಗ್ಬಹುದು," ಅಂದ.

"ಅದೇ ತೊಂದರೆ," ಅಂದೆ. "ಕೇಳೋರಿಗೆ ಜಾಗ ಜಾಸ್ತಿ."

ಅವನಿಗೆ ಅರ್ಥ ಆಗ್ಲಿಲ್ಲ. ಮಾವ ಮಾತ್ರ, "ಗಾಡಿ ಚೆನ್ನಾಗಿದೆ, ಬೇಕಾದ್ರೆ ತಗೊಳ್ಳಿ, ನಾನು ಹಿಂದೆ ಕೂರ್ತೀನಿ," ಅಂದ್ರು. ಆ ಮಾತು ಕೇಳಿದ ಮೇಲೆ ಅದನ್ನ ತಗೊಳ್ಳೋಕೆ ನನ್ನ ಮುಖ ಇನ್ನೂ ದಪ್ಪ ಇರ್ಬೇಕಿತ್ತು, ಹನ್ನೆರಡು ಎಂ.ಎಂ. ಆದ್ರೂ. ತಗೊಳ್ಳಲಿಲ್ಲ.

ಹಳೇ ಗಾಡಿ ಹತ್ರ ಬಂದಾಗ ಹೆಂಡತಿ ಯಾರನ್ನೂ ಕೇಳ್ದೆ ಸೀರೆ ಎತ್ತಿ ಕಟ್ಟಿ ತೊಟ್ಟಿ ಹತ್ತಿ ಗೋಣಿಚೀಲದ ಮೇಲೆ ಕೂತ್ಳು. "ಅಪ್ಪಾ, ಮುಂದೆ ಕೂರು. ರೀ, ನೀವು ಮನೆ ತನಕ ಬಾಯಿ ಬಿಡಬೇಡಿ," ಅಂದ್ಳು ನನಗೆ.

ಎಂಟು ಮೈಲಿ ದಾರಿ. ನೀವು ನಂಬಲ್ಲ, ನಾನು ತುಟಿ ಎರಡು ಮಾಡ್ಲಿಲ್ಲ. ನಾಲಿಗೆ ಉಬ್ಬಿ ಹಲ್ಲಿಗೆ ಒದೀತಿತ್ತು. ವಿಧಿ ಬೇರೆ ಅವತ್ತೇ ಪರೀಕ್ಷೆ ಮಾಡ್ತು: ಸೈಕಲ್ ಮೇಲೊಬ್ಬ ಒಂದು ಇಡೀ ಬಾಗಿಲು ಹೊತ್ಕೊಂಡು ಹೋಗ್ತಿದ್ದ, ಬಾಗಿಲಿಗೆ ಬೀಗ ಹಾಕಿತ್ತು. ಅಂಥಾದ್ದು ಕಂಡ್ರೆ ನನಗೆ ಮೂರು ತಿಂಗಳಿಗಾಗೋ ಕತೆ. ನುಂಗ್ದೆ. ಗಂಟಲಲ್ಲಿ ಬಾಗಿಲು ಇಳಿದ ಹಾಗಾಯ್ತು.

ಸೇತುವೆ ಬಂತು. ದಾಟಿದ ಮೇಲೆ ಮಾವ ಕೈ ಎತ್ತಿ ಹೊರಗೆ ತೋರಿಸಿದ್ರು. "ಅಲ್ಲಿ ಕನ್ನಡಿ ಕೆಳಗಿಳಿಸಿ ನೀರು ಕುಡಿದ್ವಿ. ಅವಳು ಕನ್ನಡಿ ನೋಡ್ಕೊಂಡು ತಲೆ ಬಾಚ್ಕೊಂಡ್ಳು. ಹೋಗೋ ಜಾಗದಲ್ಲಿ ಯಾರಾದ್ರೂ ಏನಾದ್ರೂ ಅಂದ್ಕೊಂಡಾರು ಅಂದ್ಳು." ಅಷ್ಟೇ. ನಾನು ತಲೆಯಾಡಿಸ್ದೆ. ಅದಕ್ಕೆ ಸೇರ್ಸೋಕೆ ನನ್ನ ಹತ್ರ ಏನೂ ಇರ್ಲಿಲ್ಲ. ಏನಾದ್ರೂ ಸೇರ್ಸಿದ್ರೆ ಕಮ್ಮಿ ಆಗ್ತಿತ್ತು.

ಮಾರನೇ ದಿನ ಡಾಕ್ಟ್ರಮ್ಮನ ಮನೆಗೆ ಹೋಗಿ ಹೇಳಿ ಬಂದೆ, ಅವರು ಕೆಲಸದೋರಲ್ಲ, ನಮ್ಮ ಮಾವ, ಅಂಗಡಿ ಅವರದ್ದೇ, ನಾನು ಅವರ ಹತ್ರ ಕೆಲಸಕ್ಕಿರೋನು ಅಂತ. ಆಯಮ್ಮ, "ಗೊತ್ತು," ಅಂದ್ರು. ಕೂತ್ಕೊಳಿ ಅನ್ನಲಿಲ್ಲ. ಸರಿ ಅನ್ನಿಸ್ತು.

ಈಗ ಮಾವ ಮುಂದೆ ಕೂರ್ತಾರೆ. ನಾವು ನಾವೇ ಇದ್ರೆ ನನಗೆ ತೊಂದರೆ ಇಲ್ಲ, ಅವರ ಮುಂದೆ ಸುಳ್ಳು ಹುಟ್ಟಲ್ಲ. ಆದ್ರೆ ಹೊರಗಿನೋರು ಒಬ್ಬರು ಪಕ್ಕದಲ್ಲಿ ತೂರ್ಕೊಂಡು ಕೂತ್ರೋ, ನನ್ನ ಬಾಯಿ ನನ್ನ ಕೈಲಿಲ್ಲ. ಈ ಆರು ತಿಂಗಳಲ್ಲಿ ಎರಡು ಸಲ ಹಾಗಾಯ್ತು. ಒಬ್ಬರು ಮನೆ ದಾರಿ ತೋರಿಸ್ತೀನಿ ಅಂತ ಮುಂದೆ ಹತ್ತಿದ್ರು, ಎರಡನೇ ತಿರುವಿನಲ್ಲಿ ನಾನು ಶುರು ಹಚ್ಕೊಂಡೆ, ಮಾವ ನಿಲ್ಸಿ ಅಂದ್ರು, ನಾನೇ ಸುತ್ತಿ ಬಂದು ಬಾಗಿಲು ತೆಗೆದೆ, ಇಳಿದು ಹಿಂದಕ್ಕೆ ಹೋದ್ರು. ಅವರು ಹತ್ತೋದನ್ನ ನಿಂತು ನೋಡೋದಿದೆಯಲ್ಲ, ಅದು ಬೇಡ ಸ್ವಾಮಿ.

ಟಕ್ ಅಂತು, ಕೇಳಿಸ್ತಾ? ನಿಮ್ಮ ಗಾಜು ಆಯ್ತು. ಹೆಂಡತಿ ಇವತ್ತು ಅಂಗಡಿ ನೋಡ್ಕೊಳ್ತಾಳೆ. ನಿಮ್ಮ ಮನೆ ಎಲ್ಲಿ ಅಂತ ನಮಗೆ ಗೊತ್ತಿಲ್ಲ, ನೀವು ಜೊತೆಗೆ ಬರ್ಲೇಬೇಕು. ಸೀಟು ಇರೋದು ಎರಡೇ. ಪ್ಯಾಂಟು ಒಳ್ಳೇದು ಹಾಕ್ಕೊಂಡಿದೀರಿ, ನಾನು ನೋಡ್ಲಿಲ್ಲ ಅಂತಲ್ಲ, ಚೀಲ ಒದರಿ ಹಾಕಿ ಕೊಡ್ತೀನಿ. ಏಳಿ, ಹೆಗಲು ಕೊಡ್ತೀನಿ, ಹಿಂದೆ ಹತ್ತಿ. ಎಲ್ಲಿ ತಿರುಗ್ಬೇಕು ಅಂತ ತಗಡು ಬಡಿದು ಹೇಳಿ: ಒಂದು ಏಟು ಅಂದ್ರೆ ಎಡ, ಎರಡು ಅಂದ್ರೆ ಬಲ. ಮತ್ತೆ ಮಾವ ಬಂದು ಯಾಕೆ ಹಿಂದೆ ಕೂತ್ರಿ ಅಂತ ಕೇಳಿದ್ರೆ, ನನಗೆ ಗಾಳಿ ಅಂದ್ರೆ ಪ್ರಾಣ ಅಂತ ನೀವೇ ಹೇಳ್ಬೇಕು.